ನೀರಿನಲ್ಲೇ ಬರುವ ಗೊಬ್ಬರ: ನರಸಾಪುರದ ಮನೆಯಂಗಳದ ಹುಲ್ಲುಹಾಸಿನ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಕೋಲಾರ ತಾಲ್ಲೂಕಿನ ನರಸಾಪುರಕ್ಕೆ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಬಂತು. ಅದರ ಹಿಂದೆಯೇ ಬಿಡಿಭಾಗಗಳ ಘಟಕಗಳು ಬಂದವು, ಆಮೇಲೆ ಮೊಬೈಲ್ ಜೋಡಣೆಯ ಕಾರ್ಖಾನೆಯೂ ಬಂತು. ಹೆದ್ದಾರಿಯ ಎರಡೂ ಬದಿಯ ರಾಗಿ ಹೊಲ ಮತ್ತು ಹಿಪ್ಪುನೇರಳೆ ತೋಟಗಳಲ್ಲಿ ಒಂದಷ್ಟು ಬಡಾವಣೆಗಳಾದವು, ತೋಟದ ಮನೆಗಳೆದ್ದವು. ಇವುಗಳ ಅಂಗಳಕ್ಕೆ ಹುಲ್ಲುಹಾಸು ಹಾಕಿಸುವುದು ಈಗ ರೂಢಿಯಾಗಿದೆ. ಹುಲ್ಲು ಹಾಸಿ ಒಂದು ವರ್ಷ ಕಳೆಯುವಷ್ಟರಲ್ಲಿ ಅದು ಅಲ್ಲಲ್ಲಿ ಹಳದಿಗೆ ತಿರುಗುತ್ತದೆ. ಮನೆಯವರು ಗೊಬ್ಬರದಂಗಡಿಗೆ ಹೋಗಿ ಯಾವ ಗೊಬ್ಬರ ಹಾಕಬೇಕೆಂದು ಕೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಯೂರಿಯಾ, ಇಲ್ಲವೇ ಮೂರು ಹದಿನೇಳು, ಅಂದರೆ 17:17:17 ಮಿಶ್ರಗೊಬ್ಬರ.

ಈ ಟಿಪ್ಪಣಿ ಅದೇ ಪ್ರಶ್ನೆಯನ್ನು ನೀರಿನ ಕಡೆಯಿಂದ ನೋಡುತ್ತದೆ. ನರಸಾಪುರದಲ್ಲಿ ಹುಲ್ಲಿಗೆ ಹಾಯಿಸುವ ನೀರೇ ಸಾರಜನಕವನ್ನು ಹೊತ್ತು ತರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಗೊಬ್ಬರದ ಚೀಲವನ್ನು ಆರಿಸುವುದು ತಪ್ಪೆಂದು ತೋರಿಸುವುದು ನನ್ನ ಉದ್ದೇಶ. ಲೆಕ್ಕ ಕಷ್ಟದ್ದೇನಲ್ಲ. ಗುಣಾಕಾರ, ಭಾಗಾಕಾರ ಬಲ್ಲ ಯಾರಾದರೂ ತಮ್ಮ ಅಂಗಳಕ್ಕೆ ತಾವೇ ಮಾಡಿಕೊಳ್ಳಬಹುದು.

ಮೊದಲು ಅಳತೆಯ ಮಾತು. ಹುಲ್ಲುಹಾಸಿನ ಬಗೆಗಿನ ಬರಹಗಳು ಚದರ ಮೀಟರಿಗೆ ಇಷ್ಟು ಗ್ರಾಂ ಸಾರಜನಕ ಎಂದು ಹೇಳುತ್ತವೆ. ನಮ್ಮ ಸೀಮೆಯಲ್ಲಿ ನೆಲವನ್ನು ಅಳೆಯುವುದು ಗುಂಟೆಯಲ್ಲಿ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಲೆಕ್ಕದ ಸುಲಭಕ್ಕೆ ನೂರು ಚದರ ಮೀಟರ್ ಎಂದೇ ಇಟ್ಟುಕೊಳ್ಳೋಣ. ಮುಂದೆ ಗುಂಟೆಗೆ ಇಷ್ಟು ಎಂದು ಹೇಳುವ ಅಂಕಿಗಳು ಪೂರ್ತಿ ಒಂದು ಗುಂಟೆ ಹುಲ್ಲುಹಾಸಿಗೆ ಅನ್ವಯಿಸುತ್ತವೆ. ಅಂಗಳ ಕಾಲು ಗುಂಟೆಯಾದರೆ ನಾಲ್ಕರಿಂದ ಭಾಗಿಸಿದರಾಯಿತು.

ಹುಲ್ಲಿಗೆ ಎಷ್ಟು ಸಾರಜನಕ ಬೇಕೆಂಬುದು ಜಾತಿಯ ಮೇಲೆ ನಿಂತಿದೆ. ಕೊರಿಯನ್ ಹುಲ್ಲು, ಮೆಕ್ಸಿಕನ್ ಹುಲ್ಲು ಎಂಬ ಹೆಸರುಗಳಲ್ಲಿ ನರ್ಸರಿಯವರು ಕೊಡುವುದು ಸಾಮಾನ್ಯವಾಗಿ ಜೋಯ್ಸಿಯಾ ಕುಲದ ಹುಲ್ಲು. ಇದು ನಿಧಾನವಾಗಿ ಬೆಳೆಯುತ್ತದೆ, ಒತ್ತಾಗಿ ಹರಡುತ್ತದೆ. ವರ್ಷವಿಡೀ ಬೆಚ್ಚಗಿರುವ ಊರಿನಲ್ಲಿ ಇದಕ್ಕೆ ವರ್ಷಕ್ಕೆ ಚದರ ಮೀಟರಿಗೆ 10ರಿಂದ 15 ಗ್ರಾಂ ಸಾರಜನಕ ಸಾಕು. ಬರ್ಮುಡಾ ಎಂದು ಮಾರುವ ಹುಲ್ಲು ನಮ್ಮ ಗರಿಕೆಯೇ, ಅಥವಾ ಅದರ ಸಂಕರ ತಳಿ. ಅದರ ಹಸಿವು ದೊಡ್ಡದು, 20 ಗ್ರಾಂವರೆಗೂ ತೆಗೆದುಕೊಳ್ಳುತ್ತದೆ. ನೆರಳಿಗೆ ಹಾಕುವ ಅಗಲ ಎಲೆಯ ಬಫಲೋ ಹುಲ್ಲಿಗೆ ಇದಕ್ಕಿಂತ ಕಡಿಮೆ ಸಾಕು. ರಾಗಿ ಹೊಲದಲ್ಲಿ ರೈತರು ಬುಡಸಮೇತ ಕಿತ್ತೆಸೆಯುವ ಗರಿಕೆಯನ್ನು ಪಕ್ಕದ ಬಡಾವಣೆಯಲ್ಲಿ ಹಣ ಕೊಟ್ಟು ತಂದು ನೆಡುತ್ತೇವೆ. ಅದು ಗೊಬ್ಬರವಿಲ್ಲದೆಯೂ ಬದುಕಬಲ್ಲ ಹುಲ್ಲು ಎಂಬುದನ್ನು ಮಾತ್ರ ಮರೆಯಬಾರದು. ನಾವು ಕೊಡುವ ಗೊಬ್ಬರ ಅದರ ಜೀವ ಉಳಿಸಲು ಅಲ್ಲ, ಬಣ್ಣ ಮತ್ತು ಒತ್ತಿಗಾಗಿ.

ಈ ಅಂಕಿಗಳ ತೂಕ ತಿಳಿಯಲು ರಾಗಿಯ ಜೊತೆ ಇಟ್ಟು ನೋಡಬೇಕು. ಮಳೆಯಾಶ್ರಿತ ರಾಗಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ. ಚದರ ಮೀಟರಿಗೆ ಇಳಿಸಿದರೆ 5 ಗ್ರಾಂ, ಗುಂಟೆಗೆ ಅರ್ಧ ಕಿಲೋ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುವುದರಿಂದ ಈ ಅರ್ಧ ಕಿಲೋ ಸುಮಾರು 1.1 ಕಿಲೋ ಯೂರಿಯಾಗೆ ಸಮ. ಮುದ್ದೆಗೆ ರಾಗಿ ಬೆಳೆಯುವ ಹೊಲ ಗುಂಟೆಗೆ ಕೇಳುವುದು ಇಷ್ಟು. ಹುಲ್ಲುಹಾಸಿಗೆ ಒಂದೇ ಸಲಕ್ಕೆ ಹಾಕಬಹುದಾದ ಗರಿಷ್ಠ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಕೂಡಲೇ ಕರಗುವ ಗೊಬ್ಬರವನ್ನು ಇದಕ್ಕಿಂತ ಹೆಚ್ಚು ಚೆಲ್ಲಿದರೆ ಉಪ್ಪಿನ ಒತ್ತಡಕ್ಕೆ ಎಲೆ ಸುಡುತ್ತದೆ.

ಇನ್ನು ನೀರಿಗೆ ಬರೋಣ.

ಕೋಲಾರದ ಅಂತರ್ಜಲದಲ್ಲಿ ನೈಟ್ರೇಟ್ ಹೊಸದಲ್ಲ. ಕೇಂದ್ರ ಅಂತರ್ಜಲ ಮಂಡಳಿ ಈ ಜಿಲ್ಲೆಯ ಬಗ್ಗೆ ಬರೆಯುವಾಗ ಫ್ಲೋರೈಡ್ ಜೊತೆಗೆ ನೈಟ್ರೇಟಿನ ಮಾತನ್ನೂ ಆಡಿದೆ. ಕಾರಣಗಳು ಎಲ್ಲರ ಕಣ್ಣೆದುರಿಗೇ ಇವೆ: ಟೊಮೆಟೊ, ತರಕಾರಿ ಮತ್ತು ಹಿಪ್ಪುನೇರಳೆಗೆ ದಶಕಗಳಿಂದ ಸುರಿದ ಗೊಬ್ಬರ, ಊರೊಳಗಿನ ತಿಪ್ಪೆಗಳು, ತಳಕ್ಕೆ ಗಾರೆಯಿಲ್ಲದ ಶೌಚಗುಂಡಿಗಳು. ಕೆಳಗೆ ಬಿರುಕುಬಿಟ್ಟ ಗ್ರಾನೈಟ್ ಮತ್ತು ನೈಸ್ ಬಂಡೆ. ಮೇಲಿನಿಂದ ಇಳಿದ ನೈಟ್ರೇಟ್ ಬಿರುಕುಗಳ ಮೂಲಕ ನೇರವಾಗಿ ಕೊಳವೆಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ.

ಇದರ ಮೇಲೆ 2018ರ ಜೂನ್ ತಿಂಗಳಲ್ಲಿ ಇನ್ನೊಂದು ಸಂಗತಿ ಸೇರಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡನೇ ಹಂತದವರೆಗೆ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಯಲ್ಲಿ ತಂದು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ಕೆರೆಯಿಂದ ಕೆರೆಗೆ ಕೋಡಿ ಹರಿದು ನರಸಾಪುರದ ಕೆರೆಯೂ ತುಂಬಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವುದು ಯೋಜನೆಯ ಗುರಿ. ವರ್ಷಾನುವರ್ಷ ಒಣಗಿ ನಿಂತಿದ್ದ ಕೆರೆಯಂಗಳದಲ್ಲಿ ನೀರು ಕಂಡು ಜನ ಬಾಗಿನ ಅರ್ಪಿಸಿದರು, ಬತ್ತಿದ್ದ ಬಾವಿ ಮತ್ತು ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂತು. ಈ ಉಪಕಾರವನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ. ಸಾವಿರ ಅಡಿ ಕೊರೆದರೂ ಧೂಳೆದ್ದ ನೆಲ ಇದು. ಆದರೆ ಅದೇ ವರ್ಷದ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ವಿವಾದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೋರಾಟಗಾರರು ಅಂದಿನಿಂದ ಕೇಳುತ್ತ ಬಂದಿರುವುದು ಮೂರನೇ ಹಂತದ ಶುದ್ಧೀಕರಣವನ್ನು.

ಹುಲ್ಲುಹಾಸಿನ ಟಿಪ್ಪಣಿಯಲ್ಲಿ ಈ ಬೇಡಿಕೆಗೇನು ಕೆಲಸ? ಎರಡನೇ ಹಂತದ ಶುದ್ಧೀಕರಣದ ಮುಖ್ಯ ಗುರಿ ಕೊಳೆಯುವ ಸಾವಯವ ವಸ್ತುವನ್ನು ತೆಗೆಯುವುದು. ಪೋಷಕಾಂಶ ತೆಗೆಯಲೆಂದೇ ಬೇರೆ ವ್ಯವಸ್ಥೆ ಇರದ ಘಟಕದಲ್ಲಿ ಸಾರಜನಕ, ರಂಜಕಗಳ ದೊಡ್ಡ ಪಾಲು ನೀರಿನಲ್ಲೇ ಉಳಿಯುತ್ತದೆ. ಅಂಥ ನೀರು ಕೆರೆಯಲ್ಲಿ ನಿಂತಾಗ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ರಂಜಕ ಕೆರೆಯ ಹೂಳಿಗೂ ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡುಗಳಿಗೂ ಅಂಟಿಕೊಂಡು ಮೇಲೆಯೇ ಉಳಿಯುತ್ತದೆ. ಕೆರೆಯಲ್ಲಿ ಅಂತರಗಂಗೆ ಕಳೆ ಹಬ್ಬಿದರೆ ಅದನ್ನು ಸಾಕುವುದು ಇದೇ. ಸಾರಜನಕದ ಒಂದು ಭಾಗವನ್ನು ತಳದ ಕೆಸರಿನ ಸೂಕ್ಷ್ಮಾಣುಗಳು ಗಾಳಿಗೆ ಬಿಡುತ್ತವೆ. ಉಳಿದ ಭಾಗ ನೈಟ್ರೇಟ್ ಆದರೆ ಅದನ್ನು ಹಿಡಿದಿಡುವ ಶಕ್ತಿ ಮಣ್ಣಿಗಿಲ್ಲ, ನೀರಿನೊಂದಿಗೆ ಕೆಳಕ್ಕಿಳಿಯುತ್ತದೆ. ಹಾಗಾಗಿ ಕೊಳವೆಬಾವಿಯ ನೀರು ಹುಲ್ಲಿಗೆ ಸಾರಜನಕ ತಂದುಕೊಡುತ್ತದೆ, ರಂಜಕವನ್ನು ತರುವುದಿಲ್ಲ. ಕೆರೆಯ ನೀರನ್ನು ನೇರವಾಗಿ ಪಂಪು ಮಾಡುವುದಕ್ಕೆ ಈ ಯೋಜನೆಯಲ್ಲಿ ಅವಕಾಶವಿಲ್ಲ, ಅಂತರ್ಜಲ ಮರುಪೂರಣವಷ್ಟೇ ಅದರ ಉದ್ದೇಶ. ಮನೆಗಳಿಗೆ ಬರುವುದು ಬಂಡೆಯ ಬಿರುಕಿನಿಂದ ಎತ್ತಿದ ನೀರೇ.

ಈಗ ಲೆಕ್ಕ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಎಂದಿಟ್ಟುಕೊಳ್ಳೋಣ. ಚದರ ಮೀಟರಿಗೆ ಒಂದು ಲೀಟರ್ ಹಾಯಿಸಿದರೆ ಅದು ಒಂದು ಮಿಲಿಮೀಟರ್, ಆದ್ದರಿಂದ ಗುಂಟೆಗೆ ದಿನಕ್ಕೆ 400 ಲೀಟರ್. ಡಿಸೆಂಬರಿನಿಂದ ಮೇ ಕೊನೆಯವರೆಗಿನ ಆರು ತಿಂಗಳಲ್ಲಿ ಬೇಸಿಗೆ ಮಳೆಯ ದಿನಗಳನ್ನು ಬಿಟ್ಟು 150 ದಿನ ಹಾಯಿಸಿದರೆ ಚದರ ಮೀಟರಿಗೆ 600 ಲೀಟರ್ ಆಗುತ್ತದೆ. ಆ ನೀರಿನ ನೈಟ್ರೇಟ್ ಕುಡಿಯುವ ನೀರಿನ ಗರಿಷ್ಠ ಮಿತಿಯಾದ 45 ಮಿಲಿಗ್ರಾಂ ಇದೆ ಎನ್ನಿ. ನೈಟ್ರೇಟಿನಲ್ಲಿ ಸಾರಜನಕದ ಪಾಲು 62ರಲ್ಲಿ 14. ಅಂದರೆ ಲೀಟರಿಗೆ ಹತ್ತು ಮಿಲಿಗ್ರಾಂ ಸಾರಜನಕ. 600 ಲೀಟರಿನಲ್ಲಿ 6 ಗ್ರಾಂ. ಕುಡಿಯಲು ಯೋಗ್ಯವೆಂದು ಪ್ರಯೋಗಾಲಯ ಮುದ್ರೆ ಒತ್ತಿಕೊಡಬಹುದಾದ ನೀರು ಒಂದು ಬೇಸಿಗೆಯಲ್ಲಿ ಮಳೆಯಾಶ್ರಿತ ರಾಗಿ ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಸಾರಜನಕವನ್ನು ಹುಲ್ಲಿಗೆ ಉಣಿಸುತ್ತದೆ. ಗುಂಟೆಗೆ 600 ಗ್ರಾಂ, ಯೂರಿಯಾ ಲೆಕ್ಕದಲ್ಲಿ 1.3 ಕಿಲೋ.

ನೈಟ್ರೇಟ್ ಇದರ ಎರಡರಷ್ಟು, 90 ಮಿಲಿಗ್ರಾಂ ಇರುವ ಬಾವಿಯಾದರೆ 12 ಗ್ರಾಂ. ಜೋಯ್ಸಿಯಾ ಹುಲ್ಲಿನ ಇಡೀ ವರ್ಷದ ಹಸಿವು ಅಲ್ಲಿಗೆ ತೀರಿತು. ಅಂಥ ಅಂಗಳಕ್ಕೆ ಬೇಸಿಗೆಯಲ್ಲಿ ಒಂದು ಹಿಡಿ ಯೂರಿಯಾ ಹಾಕಿದರೂ ಅದು ಹುಲ್ಲಿಗೆ ಸೇರದೆ ಅದೇ ಬಾವಿಗೆ ಮರಳುತ್ತದೆ. ವಸತಿ ಸಮುಚ್ಚಯಗಳಲ್ಲಿ, ಕಾರ್ಖಾನೆಗಳ ಅತಿಥಿಗೃಹಗಳಲ್ಲಿ ತಮ್ಮದೇ ಶುದ್ಧೀಕರಣ ಘಟಕದ ನೀರನ್ನು ತೋಟಕ್ಕೆ ಬಿಡುವುದುಂಟು. ಅದರಲ್ಲಿ ಒಟ್ಟು ಸಾರಜನಕ ಲೀಟರಿಗೆ 20 ಮಿಲಿಗ್ರಾಂ ಇದ್ದರೂ ಫಲಿತಾಂಶ ಇದೇ 12 ಗ್ರಾಂ, ಜೊತೆಗೆ ರಂಜಕವೂ ಸಿಗುತ್ತದೆ. ಅಲ್ಲಿ ಚೀಲ ತರುವ ಪ್ರಶ್ನೆಯೇ ಇಲ್ಲ. ಗಮನ ಕೊಡಬೇಕಾದ್ದು ಆ ನೀರಿನ ಸೋಡಿಯಂ ಕಡೆಗೆ. ಮಣ್ಣು ಗಟ್ಟಿಯಾಗಿ ನೀರು ಇಂಗದೆ ನಿಲ್ಲತೊಡಗಿದರೆ ಜಿಪ್ಸಮ್ ಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಪ್ರಯೋಗಾಲಯದ ವರದಿ ಕೆಲವೊಮ್ಮೆ ನೈಟ್ರೇಟನ್ನು ನೈಟ್ರೇಟ್ ಆಗಿಯೇ ಕೊಡುತ್ತದೆ, ಕೆಲವೊಮ್ಮೆ ನೈಟ್ರೇಟ್ ರೂಪದ ಸಾರಜನಕವಾಗಿ ಕೊಡುತ್ತದೆ. ಎರಡರ ನಡುವೆ 4.4 ಪಟ್ಟು ವ್ಯತ್ಯಾಸ. ಯಾವುದೆಂದು ಕೇಳಿ ತಿಳಿಯದೆ ಲೆಕ್ಕ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ.

ಹಾಯಿಸಿದ ನೀರಿನ ಸಾರಜನಕವೆಲ್ಲ ಹುಲ್ಲಿಗೆ ದಕ್ಕುತ್ತದೆಯೇ? ಎಲ್ಲವೂ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾಯಿಸಿದರೆ ಬೇರಿನಿಂದ ಕೆಳಗೆ ಇಳಿದುಹೋಗುತ್ತದೆ. ಆದರೆ ದಿನದಿನವೂ ಚೂರುಚೂರೇ ಸಿಗುವ ಸಾರಜನಕವನ್ನು ಬೇರು ಹೀರಿಕೊಳ್ಳುವಷ್ಟು ಚೆನ್ನಾಗಿ ಒಮ್ಮೆಲೇ ಚೆಲ್ಲಿದ ಗೊಬ್ಬರವನ್ನು ಹೀರಲಾರದು. ಹನಿ ನೀರಾವರಿಯಲ್ಲಿ ಗೊಬ್ಬರ ಕರಗಿಸಿ ಬಿಡುವ ಟೊಮೆಟೊ ಬೆಳೆಗಾರರಿಗೆ ಇದನ್ನು ಹೇಳಬೇಕಾಗಿಲ್ಲ.

ಈ ಲೆಕ್ಕದಿಂದ ಹೊರಡುವ ಮೊದಲ ತೀರ್ಮಾನ ಕಾಲಕ್ಕೆ ಸಂಬಂಧಿಸಿದ್ದು. ಮನೆಗಳಲ್ಲಿ ಗೊಬ್ಬರ ಹಾಕುವುದು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ, ಹುಲ್ಲು ಬಾಡಿದಂತೆ ಕಂಡಾಗ. ಮಳೆಗಾಲದಲ್ಲಿ ಹುಲ್ಲು ತಾನಾಗಿ ಹಸಿರಾಗುತ್ತದೆಂದು ಬಿಟ್ಟುಬಿಡುತ್ತಾರೆ. ನರಸಾಪುರದ ಕೊಳವೆಬಾವಿ ನೀರು ಕುಡಿಯುವ ಹುಲ್ಲಿಗೆ ಇದು ತಿರುವುಮುರುವಾಗಬೇಕು. ಬೇಸಿಗೆಯಲ್ಲಿ ನೀರೇ ಉಣಿಸುತ್ತಿರುತ್ತದೆ. ಜೂನ್‌ನಿಂದ ಮಳೆ ಹಿಡಿದು ಪೈಪು ಸುತ್ತಿಟ್ಟ ಮೇಲೆ ಆ ಪೂರೈಕೆ ನಿಲ್ಲುತ್ತದೆ, ಮಳೆನೀರಿನಲ್ಲಿ ಸಾರಜನಕ ತೀರ ಕಡಿಮೆ. ಹುಲ್ಲು ಅತಿ ವೇಗವಾಗಿ ಬೆಳೆಯುವುದೂ ಆಗಲೇ. ಹೀಗಾಗಿ ಗೊಬ್ಬರದ ಕಾಲ ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ಕೋಲಾರದ ವಾರ್ಷಿಕ ಮಳೆ 700–750 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಅತಿ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ಸಾರಜನಕ ಮುಟ್ಟಬಾರದು, ಹಾಕಿದ್ದು ಕೊಚ್ಚಿಹೋಗಿ ಕೆರೆ ಸೇರುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಹುಲ್ಲು ತುಸು ಕಂದುಬಣ್ಣಕ್ಕೆ ಹೋದರೆ ಅದು ಹಸಿವಲ್ಲ, ಕಾಲದ ಗುಣ.

ಎರಡನೇ ತೀರ್ಮಾನ ಚೀಲದ ಮೇಲಿನ ನಡುವಿನ ಅಂಕಿಗೆ ಸಂಬಂಧಿಸಿದ್ದು. ಚೀಲದ ಮೇಲೆ ಮೂರು ಅಂಕಿಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಈ ಪ್ರಮಾಣ ಮುದ್ರಿಸುವುದು ಕಡ್ಡಾಯ, ಹಾಗಾಗಿ ಇದು ಗ್ರಾಹಕನ ಕೈಯಲ್ಲಿರುವ ನಂಬಬಹುದಾದ ಮಾಹಿತಿ. ಚೆನ್ನಾಗಿ ಬೇರುಬಿಟ್ಟ ಹುಲ್ಲುಹಾಸಿಗೆ ರಂಜಕ ಬಹಳ ಕಡಿಮೆ ಸಾಕು, ಏಕೆಂದರೆ ಹುಲ್ಲು ಕಾಯಿ ಕಟ್ಟುವುದಿಲ್ಲ, ಕಾಳು ಬಿಡಲು ನಾವು ಬಿಡುವುದೂ ಇಲ್ಲ. 17:17:17 ಅನ್ನು ಗುಂಟೆಗೆ ಮೂರು ಕಿಲೋ ಹಾಕಿದರೆ ಬೇಕಾದ ಅರ್ಧ ಕಿಲೋ ಸಾರಜನಕದ ಜೊತೆ ಬೇಡದ ಅರ್ಧ ಕಿಲೋ ರಂಜಕವೂ ಬೀಳುತ್ತದೆ. ಡಿಎಪಿ ಗೊಬ್ಬರದಲ್ಲಿ ಇದು ಇನ್ನೂ ವಿಪರೀತ: 18 ಪಾಲು ಸಾರಜನಕಕ್ಕೆ 46 ಪಾಲು ರಂಜಕ. ಮಣ್ಣಿಗೆ ಅಂಟಿದ ಆ ರಂಜಕ ಜೋರು ಮಳೆಗೆ ಮಣ್ಣಿನ ಕಣದ ಸಮೇತ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಬೆಂಗಳೂರಿನ ರಂಜಕವನ್ನೇ ಅರಗಿಸಿಕೊಳ್ಳಲಾರದ ಕೆರೆಗೆ ನಮ್ಮ ಅಂಗಳದ್ದನ್ನೂ ಸೇರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ರಂಜಕ ನಿಜವಾಗಿ ಬೇಕಾಗುವ ಸಂದರ್ಭ ಒಂದೇ, ಹೊಸದಾಗಿ ಹುಲ್ಲು ನೆಡುವಾಗ. ಬಡಾವಣೆಯ ನಿವೇಶನಗಳಲ್ಲಿ ಪಾಯ ತೆಗೆದಾಗ ಹೊರಬಿದ್ದ ಆಳದ ಮಣ್ಣು ಮೇಲೆ ಹರಡಿರುತ್ತದೆ, ಅದರ ಮೇಲೆ ಟ್ರ್ಯಾಕ್ಟರ್ ಲೆಕ್ಕದಲ್ಲಿ ಕೊಂಡ ಕೆಮ್ಮಣ್ಣು. ಬಣ್ಣ ಚೆಂದ, ಸತ್ವ ಇಲ್ಲ. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಮಣ್ಣು ಪರೀಕ್ಷೆಯವರು ಅದನ್ನು ಕೆಳದರ್ಜೆಗೆ ಸೇರಿಸುತ್ತಾರೆ. ಹೊಸ ಕೆಮ್ಮಣ್ಣು ಸಾಮಾನ್ಯವಾಗಿ ಆ ಗುಂಪಿಗೇ ಸೇರುವಂಥದ್ದು. ಇಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರವನ್ನು ಒಂದಂಗುಲ ದಪ್ಪ ಹರಡಿ, ಗುಂಟೆಗೆ 5 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಚೆಲ್ಲಿ, ಎರಡನ್ನೂ ನಾಲ್ಕೈದು ಅಂಗುಲ ಆಳದವರೆಗೆ ಅಗೆದು ಬೆರೆಸಬೇಕು. ಡಿಎಪಿ ಬದಲು ಸೂಪರ್ ಫಾಸ್ಫೇಟ್ ಯಾಕೆಂದರೆ ಅದರಲ್ಲಿ 16 ಪಾಲು ರಂಜಕದ ಜೊತೆ 11 ಪಾಲು ಗಂಧಕವಿದೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಒಣಭೂಮಿಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿದೆಯೆಂದು ತೋರಿಸಿಕೊಟ್ಟಿವೆ. ನೆಟ್ಟ ಮೇಲೆ ಬೇರಿನ ಆಳಕ್ಕೆ ರಂಜಕ ಸೇರಿಸುವ ದಾರಿ ಇಲ್ಲ, ಆದ್ದರಿಂದ ಈ ಒಂದು ಕೆಲಸವನ್ನು ಮೊದಲೇ ಸರಿಯಾಗಿ ಮಾಡಬೇಕು. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕೆಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಅರೆಕಳಿತ ಗೊಬ್ಬರದಲ್ಲಿ ಕಳೆಬೀಜಗಳು ಜೀವಂತ ಇರುತ್ತವೆ. ಕೆರೆಯ ಹೂಳು ತಂದು ಹಾಕಿ, ಅದರ ಜೊತೆ ಜೇಕಿನ ಗಡ್ಡೆ ಬಂದು ಸೇರಿದರಂತೂ ಆ ಅಂಗಳದಿಂದ ಅದನ್ನು ಬಿಡಿಸುವುದು ವರ್ಷಗಳ ಕೆಲಸ.

ಹಳದಿ ಬಣ್ಣದ ವಿಚಾರ ಇನ್ನಷ್ಟು ಸೂಕ್ಷ್ಮ. ಅಂಗಡಿಗೆ ಹೋಗುವ ಮುನ್ನ ಹುಲ್ಲಿನ ಎಳೆಯೊಂದನ್ನು ಕಿತ್ತು ನೋಡಬೇಕು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿ ತುದಿಯ ಎಳೆಯ ಎಲೆ ಹಸಿರಾಗಿದ್ದರೆ ಅದು ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಸಾರಜನಕ ಕಿತ್ತು ಹೊಸ ಎಲೆಗೆ ಕೊಟ್ಟಿರುತ್ತದೆ. ಅದಕ್ಕೆ ವಿರುದ್ಧವಾಗಿ ಎಳೆಯ ಎಲೆಯೇ ಬಿಳಿಚಿಕೊಂಡು ನರಗಳ ಗೆರೆ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ, ಏಕೆಂದರೆ ಕಬ್ಬಿಣ ಗಿಡದೊಳಗೆ ಹಾಗೆ ಸ್ಥಳ ಬದಲಿಸಲಾರದು. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇ ಎಂದು ಯಾರಿಗಾದರೂ ಅನ್ನಿಸಬಹುದು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಬಣ್ಣವೇ ಅದರದ್ದು. ಆದರೆ ಆಳದ ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ವರ್ಷಗಟ್ಟಲೆ ಬಿದ್ದು ಮಣ್ಣಿನ ಮೇಲ್ಪದರ ಕ್ಷಾರವಾದರೆ ಆ ಕಬ್ಬಿಣ ಕರಗದೆ ಬೇರಿಗೆ ಸಿಗುವುದಿಲ್ಲ. ನಲ್ಲಿಯ ಬಾಯಲ್ಲಿ, ಸ್ಪ್ರಿಂಕ್ಲರ್ ತೂತಿನಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅಂಥ ನೀರೆಂದು ತಿಳಿಯಬೇಕು.

ಈ ಎರಡನೇ ಬಗೆಯ ಹಳದಿಗೆ ಯೂರಿಯಾ ಹಾಕಿದರೆ ಹುಲ್ಲು ಉದ್ದ ಬೆಳೆಯುತ್ತದೆ, ಹಳದಿ ಹಾಗೆಯೇ ಉಳಿಯುತ್ತದೆ. ಮನೆಯವರು ಇನ್ನಷ್ಟು ಯೂರಿಯಾ ಹಾಕುತ್ತಾರೆ. ಇದಕ್ಕೆ ಬೇಕಾದ್ದು ಅನ್ನಭೇದಿ. ಗೊಬ್ಬರದಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿದರೂ ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಯ ಮೇಲೆ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಗುರುತು ಕಾಣುತ್ತದೆ. ಕಾಣದಿದ್ದರೆ ಕಾರಣ ಬೇರೆಯೆಂದು ಅರ್ಥ. ಔಷಧಿ ಅಗ್ಗ, ರೋಗಪರೀಕ್ಷೆಯೂ ಅದರಿಂದಲೇ ಆಗುತ್ತದೆ. ಸಿಮೆಂಟು ನೆಲ ಮತ್ತು ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುವುದರಿಂದ ಅಂಚಿನಲ್ಲಿ ಜಾಗರೂಕತೆ ಬೇಕು.

ಇಷ್ಟರ ಮೇಲೆ ಸಾರಜನಕದ ಮೂಲವಾಗಿ ಯಾವುದನ್ನು ಆರಿಸಬೇಕು? ಯೂರಿಯಾ ಅಗ್ಗ. ಬೇವುಲೇಪಿತ ಯೂರಿಯಾದ 45 ಕಿಲೋ ಚೀಲ ರೈತನಿಗೆ ಸಿಗುವುದು 266 ರೂಪಾಯಿ 50 ಪೈಸೆಗೆ. ಆ ಬೆಲೆಯ ಹಿಂದೆ ದೊಡ್ಡ ಮೊತ್ತದ ಸರ್ಕಾರಿ ಸಹಾಯಧನವಿದೆ. ಅದಕ್ಕಾಗಿಯೇ ಆಧಾರ್ ತೋರಿಸಿ, ಯಂತ್ರದಲ್ಲಿ ಬೆರಳೊತ್ತಿ ಕೊಳ್ಳುವ ಪದ್ಧತಿ ಬಂದಿದೆ. ರಾಗಿಗೆ ಮೇಲುಗೊಬ್ಬರ ಹಾಕುವ ಹೊತ್ತಿಗೆ ಸೊಸೈಟಿಯ ಮುಂದೆ ರೈತರು ಯೂರಿಯಾಗೆ ಸಾಲು ನಿಲ್ಲುವುದನ್ನು ನೋಡಿದವರಿಗೆ ಅದೇ ಚೀಲವನ್ನು ಅಂಗಳದ ಹುಲ್ಲಿಗೆ ಒಯ್ಯಲು ಮನಸ್ಸಾಗದು. ಪ್ರಾಯೋಗಿಕ ಕಾರಣವೂ ಇದೆ. ಗುಂಟೆ ಹುಲ್ಲಿಗೆ ವರ್ಷಕ್ಕೆ ಎರಡು ಕಿಲೋ ಹಾಕಿದರೂ ಒಂದು ಚೀಲ ಇಪ್ಪತ್ತೆರಡು ವರ್ಷ ಬರಬೇಕು, ಒಂದೇ ಮಳೆಗಾಲದಲ್ಲಿ ಅದು ತೇವ ಹೀರಿ ಗಡ್ಡೆಕಟ್ಟುತ್ತದೆ. ಮತ್ತೊಂದು ದೋಷ: ಕ್ಷಾರವಾದ ಒದ್ದೆ ಮಣ್ಣಿನ ಮೇಲೆ ಯೂರಿಯಾ ಚೆಲ್ಲಿ ಸುಮ್ಮನೆ ಬಿಟ್ಟರೆ ಅದು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕೂಡಲೇ ನೀರು ಹಾಯಿಸಿ ಒಳಗಿಳಿಸಬೇಕು. ಇದೇ ಕ್ಷಾರದ ಕಾರಣಕ್ಕೆ, ರಾಸಾಯನಿಕ ಗೊಬ್ಬರವನ್ನೇ ಬಳಸುವವರಿಗೆ ಅಮೋನಿಯಂ ಸಲ್ಫೇಟ್ ಹೆಚ್ಚು ಒಪ್ಪುತ್ತದೆ. ಅದರಲ್ಲಿ ಸಾರಜನಕ ನೂರಕ್ಕೆ ಇಪ್ಪತ್ತರಷ್ಟೇ, ಆದರೆ ಗಂಧಕವಿದೆ, ಮಣ್ಣಿನ ಕ್ಷಾರವನ್ನೂ ಮೆಲ್ಲಗೆ ಇಳಿಸುತ್ತದೆ.

ನನ್ನ ಆಯ್ಕೆ ಹೊಂಗೆ ಹಿಂಡಿ. ಹೊಂಗೆ ಈ ಸೀಮೆಯ ಮರ. ಬದುಗಳ ಮೇಲೆ, ಕೆರೆ ಏರಿಯ ಕೆಳಗೆ ಬೆಳೆದು ಗದ್ದೆಗೆ ಸೊಪ್ಪು, ದೀಪಕ್ಕೆ ಎಣ್ಣೆ, ತೋಟಕ್ಕೆ ಹಿಂಡಿ ಕೊಟ್ಟದ್ದು. ಹಿಂಡಿಯಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ, ಒಂದು ಪಾಲು ರಂಜಕ, ಒಂದು ಪಾಲಿಗೆ ತುಸು ಹೆಚ್ಚು ಪೊಟ್ಯಾಷ್. ಹುಲ್ಲು ಕೇಳುವ ಅನುಪಾತಕ್ಕೆ ಇದು ಹತ್ತಿರದ್ದು. ಅದರೊಳಗಿನ ಕರಂಜಿನ್ ಎಂಬ ವಸ್ತು ಮಣ್ಣಿನ ಅಮೋನಿಯಂ ನೈಟ್ರೇಟಾಗಿ ಬದಲಾಗುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಯೂರಿಯಾಗೆ ಬೇವಿನೆಣ್ಣೆ ಸವರುವುದೂ ಇದೇ ಉದ್ದೇಶಕ್ಕೆ. ನೈಟ್ರೇಟಿನಿಂದ ಈಗಾಗಲೇ ಭಾರವಾದ ಬಾವಿಗಳ ಊರಿನಲ್ಲಿ ಈ ಗುಣಕ್ಕೆ ಬೆಲೆಯಿದೆ. ಬೇವಿನ ಹಿಂಡಿಯೂ ಸಮನಾಗಿ ಒಳ್ಳೆಯದು, ಸಾರಜನಕ ತುಸು ಹೆಚ್ಚೇ. ಹರಳು ಹಿಂಡಿಯನ್ನು ಮಾತ್ರ ನಾಯಿ, ದನಕರು ಓಡಾಡುವ ಅಂಗಳಕ್ಕೆ ತರಬಾರದು, ಅದರಲ್ಲಿ ರೈಸಿನ್ ಎಂಬ ವಿಷ ಇರುತ್ತದೆ. ಹಸಿ ಕೋಳಿ ಗೊಬ್ಬರ ಸುಲಭವಾಗಿ ಸಿಗುತ್ತದೆಂದು ಹಾಕುವವರಿದ್ದಾರೆ. ಅದು ಹುಲ್ಲನ್ನು ಸುಡುತ್ತದೆ, ರಂಜಕದ ಪಾಲೂ ಹೆಚ್ಚು.

ಎಲ್ಲವನ್ನೂ ಕೂಡಿಸಿ ಒಂದು ಉದಾಹರಣೆ ನೋಡೋಣ. ಒಂದು ಗುಂಟೆ ಜೋಯ್ಸಿಯಾ ಹುಲ್ಲು, ವರ್ಷದ ಅಗತ್ಯ ಚದರ ಮೀಟರಿಗೆ 12.5 ಗ್ರಾಂ. ನೀರಿನ ನೈಟ್ರೇಟ್ 45 ಮಿಲಿಗ್ರಾಂ, ಅಲ್ಲಿಂದ 6 ಗ್ರಾಂ ಬಂತು. ಕತ್ತರಿಸಿದ ಹುಲ್ಲನ್ನು ಗುಡಿಸಿ ಹೊರಹಾಕದೆ ಅಲ್ಲೇ ಬಿಟ್ಟರೆ ವರ್ಷದ ಅಗತ್ಯದ ಕಾಲು ಭಾಗದಷ್ಟು, ಅಂದರೆ 3 ಗ್ರಾಂ ಉಳಿತಾಯ. ಪದೇಪದೇ, ಸ್ವಲ್ಪಸ್ವಲ್ಪವೇ ಕತ್ತರಿಸಿದರೆ ಆ ಚೂರುಗಳು ಕಣ್ಣಿಗೂ ಬೀಳುವುದಿಲ್ಲ. ಉಳಿದದ್ದು 3.5 ಗ್ರಾಂ, ಗುಂಟೆಗೆ 350 ಗ್ರಾಂ. ಹೊಂಗೆ ಹಿಂಡಿಯಾದರೆ 9 ಕಿಲೋ, ಬೇವಿನ ಹಿಂಡಿಯಾದರೆ 7, ಅಮೋನಿಯಂ ಸಲ್ಫೇಟ್ ಆದರೆ ಒಂದೂಮುಕ್ಕಾಲು ಕಿಲೋ. ಇದು ಇಡೀ ವರ್ಷಕ್ಕೆ. ಅರ್ಧವನ್ನು ಜೂನ್‌ನಲ್ಲಿ ಮೊದಲ ಮಳೆಗಳ ನಂತರ, ಉಳಿದರ್ಧವನ್ನು ಆಗಸ್ಟ್ ಆರಂಭದಲ್ಲಿ ಪುಡಿಮಾಡಿ ಎರಚಬೇಕು. ಹಿಂಡಿ ಕರಗಿ ಬೇರಿಗೆ ಸಿಗಲು ಎರಡು ಮೂರು ವಾರ ಹಿಡಿಯುತ್ತದೆ, ಮರುದಿನವೇ ಫಲ ನಿರೀಕ್ಷಿಸಬಾರದು. ಇನ್ನೊಂದು ಬಾವಿಯ ನೈಟ್ರೇಟ್ 10 ಮಿಲಿಗ್ರಾಂ ಮಾತ್ರ ಎಂದಾದರೆ ಅದೇ ಹುಲ್ಲಿಗೆ ನೀರು ಕೊಡುವುದು ಒಂದೂವರೆ ಗ್ರಾಂ ಕೂಡ ಅಲ್ಲ. ಅಲ್ಲಿ ಚೀಲದಿಂದ 8 ಗ್ರಾಂ ಬರಬೇಕು, ಗುಂಟೆಗೆ 20 ಕಿಲೋ ಹೊಂಗೆ ಹಿಂಡಿ, ಅದೂ ಮೂರು ಕಂತಿನಲ್ಲಿ. ಅಕ್ಕಪಕ್ಕದ ಎರಡು ಮನೆಗಳ ಬಾವಿಗಳ ನಡುವೆಯೇ ಇಷ್ಟು ವ್ಯತ್ಯಾಸ ಇರಬಹುದು, ಏಕೆಂದರೆ ಎರಡೂ ಬಂಡೆಯ ಬೇರೆ ಬೇರೆ ಬಿರುಕಿನಿಂದ ನೀರೆತ್ತುತ್ತಿರಬಹುದು. ಆದ್ದರಿಂದ ಪಕ್ಕದವರ ಅನುಭವ ನಮಗೆ ಪ್ರಮಾಣವಲ್ಲ.

ನೀರಿನಲ್ಲಿ ನೈಟ್ರೇಟ್, ಬೈಕಾರ್ಬೊನೇಟ್, ಸೋಡಿಯಂ ಮತ್ತು ವಿದ್ಯುತ್ ವಾಹಕತೆ, ಮಣ್ಣಿನಲ್ಲಿ ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಇಷ್ಟನ್ನು ಪರೀಕ್ಷೆ ಮಾಡಿಸಿದರೆ ಸಾಕು. ಎಲ್ಲಿ ಮಾಡಿಸಬೇಕೆಂದು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಬಹುದು, ನರಸಾಪುರದಿಂದ ದೂರವೇನಲ್ಲ. ನೀರಿನ ಮಾದರಿಯನ್ನು ಏಪ್ರಿಲ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ತೆಗೆಯುವುದು ಒಳ್ಳೆಯದು. ಕೆರೆ ತುಂಬಿದಾಗಿನ ನೀರೂ ಕೆರೆ ಇಳಿದಾಗಿನ ನೀರೂ ಒಂದೇ ಆಗಿರುವುದಿಲ್ಲ.

ಪರೀಕ್ಷೆಗೆ ಹೋಗಲಾಗದವರಿಗೂ ಒಂದು ದಾರಿಯಿದೆ. ಹುಲ್ಲುಹಾಸಿನ ನಡುವೆ, ಬಿಸಿಲು ಮತ್ತು ನೀರು ಎಲ್ಲ ಕಡೆಯಂತೆಯೇ ಬೀಳುವ ಜಾಗದಲ್ಲಿ, ಮೂರಡಿ ಅಗಲದ ಒಂದು ಪಟ್ಟಿಯನ್ನು ಗುರುತು ಹಾಕಿ ಇಡೀ ವರ್ಷ ಅದಕ್ಕೆ ಯಾವ ಗೊಬ್ಬರವನ್ನೂ ಹಾಕದೆ ಬಿಡಬೇಕು. ಮೇ ತಿಂಗಳ ಕೊನೆಯಲ್ಲಿ ಪಟ್ಟಿಗೂ ಉಳಿದ ಹುಲ್ಲಿಗೂ ವ್ಯತ್ಯಾಸ ಕಾಣದಿದ್ದರೆ ಬೇಸಿಗೆಯ ಗೊಬ್ಬರವನ್ನು ಮರುವರ್ಷದಿಂದ ನಿಲ್ಲಿಸಬಹುದು. ಆಗಸ್ಟ್ ಕೊನೆಯಲ್ಲೂ ಕಾಣದಿದ್ದರೆ ಮಳೆಗಾಲದ ಗೊಬ್ಬರವನ್ನೂ ಅರ್ಧಕ್ಕಿಳಿಸಬಹುದು. ಪಟ್ಟಿ ಎದ್ದು ಕಾಣುವಂತೆ ಪೇಲವವಾದರೆ, ಆಗ ಎಲೆ ಕಿತ್ತು, ಹಳದಿ ಮೇಲಿನದೋ ಕೆಳಗಿನದೋ ನೋಡಿ, ಹಿಂಡಿಗೋ ಅನ್ನಭೇದಿಗೋ ಅಂಗಡಿಗೆ ಹೋಗಬೇಕು.